ಅಕ್ಕಿ ಚೀಲದ ಹಾಯಿ

ಮೀರೆ: ಕತ್ತರಿ ಕೆಳಗಿಡಿ.

ನಾನು: ಇಡಲ್ಲ.

ಮೀರೆ: ಇವತ್ತು ಟಾರ್ಪಾಲು ಕತ್ತರಿಸೋದು ಬೇಡ ಅಂದೆ. ಗಾಳಿ ಜಾಸ್ತಿ ಇದೆ.

ನಾನು: ಹಾಯಿ ಮಾಡೋದೇ ಗಾಳಿಗೆ ಕಣೇ.

ಮೀರೆ: ನೀವು ಗೆರೆ ಎಳೆದಿರೋದು ನೋಡಿ, ನೆಟ್ಟಗೆ. ಅಂಚು ನೆಟ್ಟಗಿದ್ರೆ ಹಾಯಿ ಹಲಗೆ ಥರ ನಿಂತ್ಕೊಳ್ಳತ್ತೆ. ಅಂಚು ಒಂಚೂರು ಹೊರಕ್ಕೆ ಉಬ್ಬಿರಬೇಕು. ಆಗ ಕಟ್ಟಿದ್ಮೇಲೆ ನಡುವೆ ಹೊಟ್ಟೆ ಬರತ್ತೆ, ಗಾಳಿ ಅದರಲ್ಲಿ ಕೂರತ್ತೆ. ನಮ್ಮಪ್ಪ ಹಾಗೇ ಮಾಡ್ತಿದ್ರು.

ನಾನು: ಎಷ್ಟು ಉಬ್ಬಿರಬೇಕು?

ಮೀರೆ: ಅದನ್ನ ಅಪ್ಪ ಅಣ್ಣನಿಗೆ ಮಾತ್ರ ಹೇಳಿ ಹೋದ್ರು. ಅಣ್ಣನ್ನ ಕೇಳಿ.

ನಾನು: ಹೆಣ್ಣು ಕೊಟ್ರಿ, ಗುಟ್ಟು ಇಟ್ಕೊಂಡ್ರಿ. ಇರಲಿ ಬಿಡು. ನಿಮ್ಮಣ್ಣನ ಮುಂದೆ ನಾನು ಕೈ ಚಾಚಲ್ಲ.

ನನ್ನ ಹಟಕ್ಕೆ ಕಾರಣವಿತ್ತು. ಹೋದ ಜುಲೈಯಲ್ಲಿ ನಮ್ಮ ದ್ವೀಪದೇಶದ ಸ್ವಾತಂತ್ರ್ಯದ ಹಬ್ಬದ ದೋಣಿ ಓಟಕ್ಕೆ ನಾನು ಅಕ್ಕಿ ಚೀಲಗಳನ್ನು ಬಿಚ್ಚಿ, ಮೀನಿನ ಗಾಳದ ದಾರದಲ್ಲಿ ಹೊಲಿದ ಹಾಯಿ ಕಟ್ಟಿದ್ದೆ. ಅಂಗಡಿಯ ಹಾಯಿ ಕೊಳ್ಳುವವರು ನಮ್ಮ ಮಾಯಾನ ದ್ವೀಪದಲ್ಲಿ ಯಾರೂ ಇಲ್ಲ. ಎಲ್ಲರದೂ ಮನೆಯ ಹೊಲಿಗೆಯೇ. ಆದರೆ ನನ್ನ ಹಾಯಿಯ ನಟ್ಟನಡುವೆ, ದಡದಲ್ಲಿ ಕೂತವರೂ ಓದುವಷ್ಟು ದೊಡ್ಡ ಅಕ್ಷರದಲ್ಲಿ 'ಒದ್ದೆಯಾಗದಂತೆ ಇಡಿ' ಎಂದಿತ್ತು. ನಾನು ದಡ ಮುಟ್ಟುವ ಹೊತ್ತಿಗೆ ಊರವರು ಊಟ ಮುಗಿಸಿ ಚಾಪೆ ಸುತ್ತಿಟ್ಟಿದ್ದರು.

ನಮ್ಮವರು ಎಡವಿ ಬಿದ್ದವನನ್ನು ಎಬ್ಬಿಸುವ ಮೊದಲು ಅವನ ಮೇಲೊಂದು ಹಾಡು ಕಟ್ಟುತ್ತಾರೆ. ನನ್ನ ಮೇಲಿನದನ್ನು ಕಟ್ಟಿದವನು ಅಬೆರಾಮ್, ಮೀರೆಯ ಅಣ್ಣ. ವರ್ಷವಿಡೀ ಚಾವಡಿಯಲ್ಲಿ ಅದನ್ನೇ ಹಾಡಿದ್ದಾರೆ. ಎರಡನೇ ಸಾಲಿಗೆ ನಾನೂ ಕೈ ತಟ್ಟಿದ್ದೇನೆ, ತಟ್ಟದಿದ್ದರೆ ಅದರ ಮೇಲೆ ಇನ್ನೊಂದು ಹಾಡು ಹುಟ್ಟುತ್ತದೆ. ಈ ಸಲ ಗೆಲ್ಲುವ ಆಸೆಯೇನೂ ನನಗಿರಲಿಲ್ಲ. ನಾನು ಕೊನೆಯವನಾಗಬಾರದು, ಆ ಹಾಡು ಸಾಯಬೇಕು, ಅಷ್ಟೇ. ಹಡಗಿನ ಕೆಲಸದಲ್ಲಿರುವ ನನ್ನ ಚಿಕ್ಕಪ್ಪನ ಮಗ ಕಳಿಸಿದ ಹೊಚ್ಚ ಹೊಸ ನೀಲಿ ಟಾರ್ಪಾಲನ್ನು ಅದಕ್ಕೇ ಎತ್ತಿಟ್ಟಿದ್ದೆ.

ಮೀರೆ: ಟಾರ್ಪಾಲು ಬಂದಿರೋದು ಯಾರಿಗೂ ಹೇಳಿಲ್ಲ ತಾನೇ?

ನಾನು: ಯಾರಿಗೂ ಇಲ್ಲ. ಚಾವಡಿಯಲ್ಲಿ ಒಂದು ಮಾತು ಅಂದೆ, ಅಷ್ಟೇ.

ಮೀರೆ: ಚಾವಡಿಯಲ್ಲಿ ಎಷ್ಟು ಜನ ಇದ್ರು?

ನಾನು: ಊರು.

ಮೀರೆ ಹಣೆ ಚಚ್ಚಿಕೊಂಡಳು. ನೆಂಟನಾದವನು ಬಂದು 'ಬುಬುಸಿ' ಎಂದು ಕೇಳಿದರೆ ನಮ್ಮಲ್ಲಿ ಇಲ್ಲ ಎನ್ನುವಂತಿಲ್ಲ. ಇಲ್ಲ ಎಂದವನಿಗಿಂತ ಕದ್ದವನಿಗೆ ಹೆಚ್ಚು ಮರ್ಯಾದೆ. ಆದ್ದರಿಂದ ಒಳ್ಳೆಯ ವಸ್ತು ಮನೆಗೆ ಬಂದರೆ ಮೊದಲು ಬಚ್ಚಿಡಬೇಕು. ಆದರೆ ನಮ್ಮ ಮನೆಗಳಿಗೆ ಗೋಡೆಯೇ ಇಲ್ಲ.

ಮೀರೆ: ಬಾಯಿಗೊಂದು ಬೀಗ ಇಲ್ಲ ನಿಮಗೆ. ಮದುವೆ ದಿನದಿಂದ ನೋಡ್ತಿದ್ದೀನಿ.

ನಾನು: ಮೀರೆ, ಬುಬುಸಿ ಕೇಳ್ತಿದ್ದೀನಿ. ಒಂದು ಗಳಿಗೆ ಸುಮ್ಮನಿರು.

ಮೀರೆ: ಗಂಡ ಹೆಂಡತಿ ಮಧ್ಯೆ ಬುಬುಸಿ ನಡೆಯಲ್ಲ.

ನಾನು: ಯಾರು ಹೇಳಿದ್ದು?

ಮೀರೆ: ನೀವೇ. ಹೋದ ವಾರ ಕಾಯಿ ಸುಲಿದು ಕೊಡಿ ಅಂತ ನಾನು ಬುಬುಸಿ ಕೇಳಿದಾಗ.

ಅಷ್ಟರಲ್ಲಿ ತೆಂಗಿನ ಸಾಲಿನಾಚೆ ಅಬೆರಾಮ್ ಬರುತ್ತಿರುವುದು ಕಂಡಿತು. ನಾನು ಟಾರ್ಪಾಲನ್ನು ಸುತ್ತಿ, ಅದರ ಮೇಲೆ ಚಾಪೆ ಹಾಸಿ, ಅದರ ಮೇಲೆ ಮೀರೆಯನ್ನು ಕೂರಿಸಿದೆ.

ಅಬೆರಾಮ್: ಏನಪ್ಪಾ ತೆಬೌ, ಆರಾಮಾ?

ನಾನು: ಆರಾಮು ಭಾವ. ಬನ್ನಿ, ನೀರಾ ಕುಡೀರಿ. ಈಗಷ್ಟೇ ಇಳಿಸಿದ್ದು.

ಮೀರೆ ಸ್ವಲ್ಪ ಸರಿದು ಕೂತಳು. ಕೆಳಗಿಂದ ಚರಪರ ಸದ್ದು ಬಂತು.

ಅಬೆರಾಮ್: ಅದೇನು ಸದ್ದು?

ನಾನು: ಚಾಪೆ ಭಾವ. ಹೊಸದು.

ಅಬೆರಾಮ್: ಕೇದಗೆ ಚಾಪೆಗೆ ನೀಲಿ ಅಂಚು ಬಿಡೋದು ಯಾವಾಗಿಂದ ಶುರುವಾಯ್ತು?

ನಾನು: ಪಟ್ಟಣದ ಕಡೆಯೆಲ್ಲ ಈಗ ಹಾಗೇ ಅಂತೆ.

ಮೀರೆ ಇನ್ನೊಮ್ಮೆ ಸರಿದಳು, ಈ ಸಲ ಇನ್ನೂ ಜೋರಾಗಿ. ಬೇಕೆಂದೇ ಸರಿಯುತ್ತಿದ್ದಾಳೆ ಎಂಬ ಅನುಮಾನ ಆಗಲೇ ನನಗೆ ಬರಬೇಕಿತ್ತು.

ಮೀರೆ: ಅದು ಟಾರ್ಪಾಲು ಅಣ್ಣ.

ನಾನು: ಮೀರೆ.

ಮೀರೆ: ಒಡಹುಟ್ಟಿದವನ ಮುಂದೆ ಸುಳ್ಳು ಹೇಳಕ್ಕಾಗತ್ತೇನ್ರೀ?

ಅಬೆರಾಮ್: ತೆಬೌ, ಬುಬುಸಿ ಕೇಳ್ತಿದ್ದೀನಿ. ಆ ಟಾರ್ಪಾಲು ನನಗೆ ಕೊಡು.

ಆಗಲಿ ಭಾವ ಎಂದೆ, ಬೇರೆ ಏನೂ ಅನ್ನುವಂತಿರಲಿಲ್ಲ. ನಾನೇ ನೀಟಾಗಿ ಮಡಿಸಿ ಅವನ ಹೆಗಲ ಮೇಲಿಟ್ಟೆ. ಎರಡು ಹೆಜ್ಜೆ ಹೋದವನು ತಿರುಗಿ ಬಂದು, ನನ್ನ ಕೈಯಲ್ಲಿದ್ದ ಕತ್ತರಿಯನ್ನೂ ಕೇಳಿ ತಗೊಂಡ.

ಅಂದಿನಿಂದ ಮೀರೆಯ ಜೊತೆ ಮಾತು ಬಿಟ್ಟೆ. ಊಟದ ಹೊತ್ತಿಗೆ ಮತ್ತೆ ಶುರುಮಾಡಿದೆ, ಏಕೆಂದರೆ ಮೀನು ಅವಳ ಹತ್ತಿರ ಇತ್ತು. ಹತ್ತು ದಿನ ಕಳೆದು ಅಬೆರಾಮನ ಮನೆ ಮುಂದೆ ಸುಮ್ಮನೆ ಹಾದು ಹೋದಂತೆ ಏಳು ಸಲ ಹಾದು ಹೋದೆ. ಮರಳಿನ ಮೇಲೆ ನೀಲಿ ಹಾಯಿ ಹರಡಿತ್ತು. ಅಂಚುಗಳು ಎಳೆಯ ಚಂದ್ರನ ಬೆನ್ನಿನ ಹಾಗೆ ಬಾಗಿದ್ದವು, ಒಳಗೆ ಹಗ್ಗ ಇಟ್ಟು ಮಡಿಸಿ ಎರಡೆಳೆ ದಾರದಲ್ಲಿ ಹೊಲಿದಿದ್ದ. ಅಷ್ಟು ಚೆಂದದ ಹಾಯಿಯನ್ನು ನಾನು ನೋಡಿರಲಿಲ್ಲ. ಹೊಟ್ಟೆಕಿಚ್ಚಿನಿಂದ ಅವತ್ತು ಊಟ ಸೇರಲಿಲ್ಲ.

ಮೀರೆ: ಹೋಗಿ ಕೇಳಿ.

ನಾನು: ಕೊಟ್ಟಿದ್ದನ್ನ ವಾಪಸ್ ಕೇಳೋದಾ? ನನಗೇನು ಮಾನ ಇಲ್ವಾ?

ಮೀರೆ: ನೀವು ಕೊಟ್ಟಿದ್ದು ಟಾರ್ಪಾಲು. ಕೇಳೋದು ಹಾಯಿ.

ಈ ವಾದದಲ್ಲಿ ತಪ್ಪೇನಿದೆ ಎಂದು ಒಂದಿಡೀ ಬೆಳಗ್ಗೆ ಯೋಚಿಸಿದೆ. ಸಿಗಲಿಲ್ಲ. ಒಂದು ಬಾಟಲಿ ನೀರಾ ಹಿಡಿದು ಹೋಗಿ, ಹವಾಮಾನ, ಹಂದಿ, ಪಾದ್ರಿಯ ಕೆಮ್ಮು ಎಲ್ಲದರ ಬಗ್ಗೆ ಮಾತಾಡಿದೆ. ಆಮೇಲೆ ಕಣ್ಣು ಮುಚ್ಚಿ ಕೇಳಿಬಿಟ್ಟೆ.

ನಾನು: ಭಾವ, ಬುಬುಸಿ. ಆ ಹಾಯಿ ನನಗೆ ಕೊಡಿ.

ಅಬೆರಾಮ್: ಅಂತೂ ಬಂದ್ಯಲ್ಲ. ಮೂರು ದಿನದಿಂದ ಕಾಯ್ತಿದ್ದೀನಿ. ತಗೋ.

ನಾನು: ಕಾಯ್ತಿದ್ರಾ?

ಅಬೆರಾಮ್: ನೀನು ಕತ್ತರಿ ಹಾಕಿ ಹಾಳುಮಾಡೋ ಮೊದಲು ಬಂದು ಟಾರ್ಪಾಲು ಕೇಳ್ಕೊಂಡು ಹೋಗು ಅಂತ ಮೀರೆ ಹೇಳಿ ಕಳಿಸಿದ್ಲು. ಹೊಲಿದು ಕೊಡಿ ಅಂತ ನೀನಾಗೇ ಬಾಯ್ಬಿಡೋ ಪೈಕಿ ಅಲ್ವಲ್ಲ.

ನನಗೆ ನಾಚಿಕೆಯಾಯಿತು. ಸಂತೋಷವೂ ಆಯಿತು. ಎರಡನ್ನೂ ಮುಚ್ಚಿಕೊಳ್ಳಲು ಹಾಯಿಯಲ್ಲಿ ಮುಖ ಹುದುಗಿಸಿ ಹೊಲಿಗೆ ಪರೀಕ್ಷಿಸಿದೆ.

ಅಬೆರಾಮ್: ಈಗ ನಾನೊಂದು ಬುಬುಸಿ ಕೇಳ್ತೀನಿ. ನಿನ್ನ ಆ ಅಕ್ಕಿ ಚೀಲದ ಹಾಯಿ ಕೊಡು.

ನಾನು: ಅದು ಯಾಕೆ ಭಾವ?

ಅಬೆರಾಮ್: ಓಟಕ್ಕೆ. ನಂದು ಹರಿದಿದೆ. ಇದ್ದ ದಾರವೆಲ್ಲ ನಿನ್ನ ಹಾಯಿಗೇ ಮುಗೀತು.

ಮನೆಗೆ ಹಾಡುತ್ತಾ ಬಂದೆ. ಕೊನೆಯ ಜಾಗಕ್ಕೆ ಈ ವರ್ಷ ಬೇರೆಯವರು ಸಿಕ್ಕಿದ್ದರು.

ಓಟದ ದಿನ ಗಾಳಿ ಚೆನ್ನಾಗಿತ್ತು. ನೀಲಿ ಹಾಯಿ ಹೊಟ್ಟೆ ತುಂಬಿಕೊಂಡು ಎಳೆದ ರಭಸಕ್ಕೆ ನನ್ನ ದೋಣಿ ತನ್ನ ಗುರುತು ತಾನೇ ಮರೆತು ಓಡಿತು. ಆರಂಭದಲ್ಲಿ ನಾನು ಮೂರನೆಯವ. ಅಲ್ಲಿಗೆ ಸುಮ್ಮನಿದ್ದಿದ್ದರೆ ಸಾಕಿತ್ತು. ನಾನು ತಲೆಯೆತ್ತಿ ಹಾಯಿ ನೋಡಿದೆ, ಆಮೇಲೆ ನೋಡುತ್ತಲೇ ಇದ್ದೆ. ಅಷ್ಟು ಚೆಂದವಿತ್ತು. ತಿರುಗಬೇಕಾದ ಗುರುತುಕಂಬ ಯಾವಾಗಲೋ ಹಿಂದೆ ಹೋಗಿತ್ತು, ದೋಣಿ ಮರಳ ದಿಬ್ಬ ಹತ್ತಿ ನಿಂತಿತ್ತು, ನೀರು ಇಳಿಯತೊಡಗಿತ್ತು. ಎಲ್ಲ ದೋಣಿಗಳೂ ದೂರದಲ್ಲಿ ತಿರುಗಿ ಹೋದವು. ಎಲ್ಲಕ್ಕಿಂತ ಹಿಂದೆ ಅಬೆರಾಮ್ ಬಂದ. ಚೀಲಗಳ ಅಂಚನ್ನೂ ಬಿಚ್ಚಿ, ಬಾಗಿಸಿ, ನನ್ನದೇ ಹಳೆಯ ಗಾಳದ ದಾರದಲ್ಲಿ ಮತ್ತೆ ಹೊಲಿದಿದ್ದ, 'ಒದ್ದೆಯಾಗದಂತೆ ಇಡಿ' ಎಂಬ ಅಕ್ಷರಗಳು ಗಾಳಿಗೆ ಉಬ್ಬಿ ಇನ್ನೂ ದೊಡ್ಡದಾಗಿ ಕಾಣುತ್ತಿದ್ದವು. ಅವನು ಕೈ ಬೀಸಿದ. ನಾನು ಮರಳಿನ ಮೇಲೆ, ಒಂಚೂರೂ ಒದ್ದೆಯಾಗದೆ, ನಿಂತಿದ್ದೆ.

ಸಂಜೆ ನಮ್ಮ ಜಗಲಿಯಲ್ಲಿ ಮೂವರೂ ಕೂತಿದ್ದೆವು. ಮೀರೆ ಮೀನು ಸುಡುತ್ತಿದ್ದಳು.

ನಾನು: ಹೋದ ವರ್ಷ ಹಾಯಿ ಸರಿಯಿಲ್ಲ ಅಂತ ಹೇಳ್ಕೊಂಡು ತಿರುಗಿದ್ದೆ. ಈಗ ಆ ನೆಪವೂ ಇಲ್ಲ. ಭಾವ, ಕೊನೇ ಬುಬುಸಿ. ಈ ವರ್ಷ ನನ್ನ ಮೇಲೆ ಹಾಡು ಬೇಡ.

ಅಬೆರಾಮ್: ನಾಲ್ಕು ಸಾಲು ಆಗಿತ್ತಲ್ಲಪ್ಪ, ಚೆನ್ನಾಗೂ ಬಂದಿತ್ತು. ಆಗಲಿ, ಕೇಳಿದ್ದೀಯ. ನಾನು ಹಾಡಲ್ಲ.

ವರ್ಷದ ಮೇಲೆ ಮೊದಲ ಸಲ ನೆಮ್ಮದಿಯಾಗಿ ಕಾಲು ಚಾಚಿದೆ. ಆಗ ಒಲೆಯ ಕಡೆಯಿಂದ ಸಣ್ಣ ದನಿಯಲ್ಲಿ ಒಂದು ಗುನುಗು ಕೇಳಿತು. ರಾಗ ಹಳೆಯದೇ, ಮಾತು ಹೊಸದು. ಅದರಲ್ಲಿ ನೀಲಿ ಹಾಯಿಯಿತ್ತು, ಮರಳ ದಿಬ್ಬವಿತ್ತು, ಬಾಯಿ ತೆರೆದು ಮೇಲೆ ನೋಡುತ್ತಿದ್ದ ಒಬ್ಬ ಗಂಡನಿದ್ದ.

ನಾನು: ಮೀರೆ, ಬುಬುಸಿ ಕೇಳ್ತೀನಿ ಕಣೇ.

ಮೀರೆ: ನಮ್ಮಿಬ್ಬರ ಮಧ್ಯೆ ಅದು ನಡೆಯಲ್ಲ ರೀ. ಕೈ ತಟ್ಟಿ, ಎರಡನೇ ಸಾಲು ಬರ್ತಿದೆ.