ಸಿಂಹಪಾದದ ಟಬ್ಬಿನ ಬಿರಡೆ

ದೊರೆಸ್ವಾಮಿ: ಅಳೇ ಪೀಸ್ ತನ್ನಿ ಸಾರ್. ಪೀಸ್ ನೋಡ್ದೆ ನಾನು ಏನು ಅಂತ ತೆಗೆದುಕೊಡ್ಲಿ?

ಶಿವಪ್ರಕಾಶ್: ಅದು ಟಬ್ಬಿನೊಳಗೇ ಇದೆ ಕಣ್ರೀ. ಕೈಗೆ ಬಂದಿದ್ರೆ ತರ್ತಿರಲಿಲ್ವ?

ದೊರೆಸ್ವಾಮಿ: ಕಿತ್ಕೊಂಡು ಬನ್ನಿ.

ಶಿವಪ್ರಕಾಶ್: ಕಿತ್ತರೆ ಮುರಿದುಹೋಗುತ್ತಂತೆ. ಹೊಸದು ತಂದುಕೊಟ್ಟ ಮೇಲೇ ಹಳೇದು ಕೀಳ್ತೀನಿ ಅಂತಾನೆ ಪ್ಲಂಬರ್ ಕೆಂಪಯ್ಯ.

ದೊರೆಸ್ವಾಮಿ: ಅಳೇದು ತಂದ್ಕೊಟ್ಟ ಮೇಲೇ ಒಸದು ಕೊಡೋದು ಅಂತೀನಿ ನಾನು.

ಲಷ್ಕರ್ ಮೊಹಲ್ಲಾದ ಈ ನಲ್ಲಿ ಸಾಮಾನಿನ ಅಂಗಡಿಯಲ್ಲಿ ಇದೇ ಮಾತು ನಡೆಯುತ್ತಿರುವುದು ಮೂರನೆಯ ಸಲ. ಕೆಂಪಯ್ಯ ಶಿವಪ್ರಕಾಶರನ್ನು ಅಂಗಡಿಗೆ ಓಡಿಸುತ್ತಾನೆ, ಅಂಗಡಿಯ ದೊರೆಸ್ವಾಮಿ ಅವರನ್ನು ಕೆಂಪಯ್ಯನ ಬಳಿಗೆ ಓಡಿಸುತ್ತಾರೆ. ಸಿದ್ಧಾರ್ಥನಗರಕ್ಕೂ ಲಷ್ಕರಿಗೂ ನಡುವೆ ಸ್ಕೂಟರು ಓಡಿದ್ದೇ ಬಂತು, ಟಬ್ಬಿನ ನೀರು ಮಾತ್ರ ಇದ್ದಲ್ಲೇ ಇದೆ. ಈ ಸಲ ಹೆಂಡತಿ ಅನಸೂಯ ಕೂಡ ಜೊತೆಗೆ ಬಂದಿದ್ದಾರೆ. ಅಂಗಡಿಯಲ್ಲಿ ಬಾಯಿ ಬಿಡಕೂಡದು ಎಂದು ಗಂಡ ದಾರಿಯುದ್ದಕ್ಕೂ ಹೇಳಿಕೊಂಡು ಬಂದದ್ದರಿಂದ ಆಕೆ ಒಂದು ಪೇಂಟು ಡಬ್ಬದ ಮೇಲೆ ಕೈಕಟ್ಟಿ ಕೂತಿದ್ದಾರೆ.

ವಿಷಯ ಇಷ್ಟೇ. ಟಬ್ಬಿನ ತಲೆಯ ಕಡೆ ಒಂದು ಹಿತ್ತಾಳೆ ಹಿಡಿ ಇದೆ. ಅದನ್ನು ಎತ್ತಿದರೆ ಒಳಗಿನ ಕಂಬಿ ಬಿರಡೆಯನ್ನು ಮೇಲೆತ್ತಿ ನೀರು ಬಿಡಬೇಕು. ಆ ಕಂಬಿ ತುಂಡಾಗಿ ಬಿರಡೆ ತೂತಿನಲ್ಲೇ ಕೂತು ಒಂಬತ್ತು ದಿನವಾಯಿತು. ಸೋಮವಾರದೊಳಗೆ ನೀರು ಹೋಗದಿದ್ದರೆ ಗಾರೆಯವರನ್ನು ಕರೆಸಿ ಟಬ್ಬನ್ನೇ ಒಡೆಸಿ ಹಾಕುತ್ತೇನೆ ಎಂದು ಅನಸೂಯ ಗಡುವು ಕೊಟ್ಟಿದ್ದಾರೆ. ಇಂದು ಶನಿವಾರ. ಬ್ಯಾಂಕ್ ಮ್ಯಾನೇಜರಾಗಿ ನಿವೃತ್ತರಾದ ಶಿವಪ್ರಕಾಶರಿಗೆ ಸಿಂಹದ ಪಾದದಂಥ ನಾಲ್ಕು ಕಾಲಿನ ಮೇಲೆ ನಿಂತ ಆ ಟಬ್ಬೆಂದರೆ ಪ್ರಾಣ. ಮನೆಗೆ ಬಂದ ನೆಂಟರಿಗೆ ದೇವರ ಮನೆಗಿಂತ ಮೊದಲು ಬಚ್ಚಲುಮನೆ ತೋರಿಸುವ ಗಂಡಸು ಮೈಸೂರಿನಲ್ಲಿ ಅವರೊಬ್ಬರೇ ಇರಬೇಕು.

ದೊರೆಸ್ವಾಮಿ: ಓಗ್ಲಿ, ಈ ಸ್ಟೀಲ್ ಮುಚ್ಚಳ ಆಕ್ಬುಡಿ.

ಶಿವಪ್ರಕಾಶ್: ಇದು ಪಾತ್ರೆ ತೊಳೆಯೋ ಸಿಂಕಿಂದು. ಸಿಂಹದ ಪಾದ ಇರೋ ಟಬ್ಬಿಗೆ ಯಾರಾದ್ರೂ ಸಿಂಕಿನ ಮುಚ್ಚಳ ಹಾಕ್ತಾರೇನ್ರಿ?

ದೊರೆಸ್ವಾಮಿ: ಕೆಳಗೆ ಯಾರ ಪಾದ ಐತೆ ಅಂತ ನೀರಿಗೇನು ಗೊತ್ತಾಯ್ತದೆ ಸಾರ್?

ಶಿವಪ್ರಕಾಶ್: ಟಬ್ ಸ್ನಾನ ಅಂದ್ರೆ ಏನು ಅಂತ ನಿಮಗೆ ಗೊತ್ತಿಲ್ಲ. ಕುತ್ತಿಗೆ ಮಟ್ಟ ಬಿಸಿನೀರು ನಿಲ್ಲಿಸ್ಕೊಂಡು ಅರ್ಧ ಗಂಟೆ ಕಣ್ಮುಚ್ಚಿ ಮಲಗಬೇಕು. ಮೈಯಲ್ಲಿರೋ ಆಯಾಸ ಎಲ್ಲಾ ಇಳಿದುಹೋಗುತ್ತೆ. ಅಷ್ಟು ನೀರಿನ ಭಾರ ಈ ತಗಡು ತಡೆಯುತ್ತಾ?

ಪೇಂಟು ಡಬ್ಬದ ಕಡೆಯಿಂದ ಸಣ್ಣದಾಗಿ ಕೆಮ್ಮು ಕೇಳಿಸಿತು.

ದೊರೆಸ್ವಾಮಿ: ಅಮ್ಮಾವ್ರೂ ಅಂಗೇ ಮಲಗ್ತಾರಾ?

ಅನಸೂಯ: ನಾನು ಮಾತಾಡಬಾರ್ದು ಅಂತ ಆರ್ಡರಾಗಿದೆ.

ಮಾತು ಬೇರೆ ಕಡೆ ಹೋಗುವುದನ್ನು ತಪ್ಪಿಸಲು ಶಿವಪ್ರಕಾಶ್ ತಮ್ಮ ಫೋನನ್ನು ಮುಂದಕ್ಕೆ ನೂಕಿ, ಪೀಸ್ ಇಲ್ಲದಿದ್ದರೇನು, ಫೋಟೋ ಇದೆಯಲ್ಲ ಎಂದರು. ದೊರೆಸ್ವಾಮಿ ಕನ್ನಡಕ ಏರಿಸಿಕೊಂಡು ಬೆರಳಾಡಿಸುತ್ತಾ ಹೋದರು. ಹಿಡಿಯದು ಒಂದು ಫೋಟೋ, ತೂತಿನದು ಒಂದು, ಸಿಂಹದ ಪಾದದವು ಆರು. ಆಮೇಲೆ ಅವರ ಬೆರಳು ನಿಂತುಬಿಟ್ಟಿತು.

ದೊರೆಸ್ವಾಮಿ: ಸಾರ್, ಟಬ್ಬೊಳಗೆ ಪ್ಲಾಸ್ಟಿಕ್ ಸ್ಟೂಲ್ ಐತಲ್ಲ.

ಶಿವಪ್ರಕಾಶ್: ಅದು ಸೋಪು ಇಡೋಕೆ.

ದೊರೆಸ್ವಾಮಿ: ಪಕ್ಕದಲ್ಲಿ ಬಕೀಟು.

ಶಿವಪ್ರಕಾಶ್: ಕೆಲಸದವಳು ಮರೆತು ಬಿಟ್ಟುಹೋಗಿರಬೇಕು.

ದೊರೆಸ್ವಾಮಿ: ಬಕೀಟೊಳಗೆ ಚೊಂಬು.

ಶಿವಪ್ರಕಾಶ್ ಫೋನಿಗೆ ಕೈ ಚಾಚಿದರು. ದೊರೆಸ್ವಾಮಿ ಅದನ್ನು ಅವರ ಕೈಗೆ ಕೊಡದೆ ಅನಸೂಯ ಅವರತ್ತ ಹಿಡಿದರು.

ದೊರೆಸ್ವಾಮಿ: ಅಮ್ಮಾವ್ರೇ, ಇದು ನನ್ನ ಅಂಗ್ಡಿ. ಇಲ್ಲಿ ಅವ್ರ ಆರ್ಡರ್ ನಡೆಯಾಕಿಲ್ಲ. ನೀವೇಳಿ.

ಅನಸೂಯ: ಆ ಮನೆಗೆ ಬಂದು ಇಪ್ಪತ್ತೆರಡು ವರ್ಷ ಆಯ್ತು ಕಣ್ರೀ. ಟಬ್ಬು ಹತ್ತಿ ಒಳಗಿಳಿದು, ಸ್ಟೂಲ್ ಮೇಲೆ ಕೂತ್ಕೊಂಡು, ಬಕೆಟಿಂದ ಚೊಂಬಲ್ಲಿ ಹುಯ್ಕೊಳ್ತೀವಿ. ಇವರು ಆ ಟಬ್ಬಲ್ಲಿ ಮಲಗಿದ್ದು ಒಂದೇ ಸಲ, ಗೃಹಪ್ರವೇಶದ ದಿನ. ಅವತ್ತು ನೀರಿರಲಿಲ್ಲ, ರೇಷ್ಮೆ ಪಂಚೆ ಉಟ್ಕೊಂಡು ಫೋಟೋಗೆ ಮಲಗಿದ್ರು. ಈಗ ಒಂಬತ್ತು ದಿನದಿಂದ ಯಾವ ಚೊಂಬಲ್ಲಿ ಹುಯ್ಕೊಳ್ತೀವೋ ಅದೇ ಚೊಂಬಲ್ಲಿ ಆ ಕೊಳಕು ನೀರು ಮೊಗೆದು ಹಿತ್ತಲಿಗೆ ಹೊರ್ತಿದೀನಿ. ನನ್ನ ಸೊಂಟ ಬಿದ್ದುಹೋಯ್ತು. ನನಗೆ ಅಳು ಬರುತ್ತೆ, ಇವರಿಗೆ ಹಿತ್ತಾಳೆ ಚಿಂತೆ.

ದೊರೆಸ್ವಾಮಿ ಕನ್ನಡಕ ತೆಗೆದಿಟ್ಟು, ಮಗ್ಗಿ ಹೇಳಿಸುವ ಮೇಷ್ಟರ ಹಾಗೆ ಕೂತರು.

ದೊರೆಸ್ವಾಮಿ: ಸಾರ್, ಬಿರಡೆ ಕೆಲ್ಸ ಏನು?

ಶಿವಪ್ರಕಾಶ್: ನೀರು ನಿಲ್ಲಿಸೋದು.

ದೊರೆಸ್ವಾಮಿ: ನಿಮ್ಗೆ ನೀರು ನಿಲ್ಬೇಕಾ, ಓಗ್ಬೇಕಾ?

ಶಿವಪ್ರಕಾಶ್: ಹೋಗಬೇಕು.

ದೊರೆಸ್ವಾಮಿ: ಮತ್ತೆ ಒಂಬತ್ತು ದಿನದಿಂದ ನಿಲ್ಸೋ ಸಾಮಾನು ಉಡುಕ್ತಾ ಇದೀರಲ್ಲ? ಮುರುದ್ರೆ ಮುರೀಲಿ. ಕಿತ್ತು ಬಿಸಾಕಿ, ನೀರು ತಾನೇ ಓಯ್ತದೆ.

ಅನಸೂಯ ಡಬ್ಬದ ಮೇಲಿಂದ ಎದ್ದು ನಿಂತರು. ಗಂಡನಿಗೆ ಹೊಳೆಯಲಿಲ್ಲ ಎಂಬುದು ಅವರಿಗೆ ಹೊಸದಲ್ಲ. ತನಗೂ ಹೊಳೆಯಲಿಲ್ಲವಲ್ಲ ಎಂದು ಮೈಯೆಲ್ಲಾ ಉರಿದುಹೋಯಿತು.

ಶಿವಪ್ರಕಾಶ್: ಬಿರಡೆ ಇಲ್ಲದಿದ್ರೆ ಟಬ್ಬು ಬಚ್ಚಲು ಆಗಿಹೋಗುತ್ತಲ್ರೀ.

ಅನಸೂಯ: ಆಗಿ ಇಪ್ಪತ್ತೆರಡು ವರ್ಷ ಆಯ್ತು.

ಇಷ್ಟು ಹೊತ್ತಿಗೆ ದೊರೆಸ್ವಾಮಿಗೂ ಹಟ ಬಂದಿತ್ತು. ಫೋಟೋದಲ್ಲಿದ್ದ ಹಿಡಿಯಂಥದೇ ಒಂದು ಅಟ್ಟದಲ್ಲಿ ಉಳಿದಿರುವ ನೆನಪು. ಏಣಿ ಹಾಕಿ ಅಟ್ಟ ಹತ್ತಿ, ಧೂಳು ಕೊಡವುತ್ತಾ ಒಂದು ಪೊಟ್ಟಣ ಇಳಿಸಿಕೊಂಡು ಬಂದರು. ಬಿಚ್ಚಿದರೆ ಹಿಡಿ, ಕಂಬಿ, ಬಿರಡೆ, ಮೂರೂ ಹಿತ್ತಾಳೆಯವು, ಒಂದಕ್ಕೂ ಗೀರು ಬಿದ್ದಿಲ್ಲ. ಶಿವಪ್ರಕಾಶ್ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಅವರ ಕಣ್ಣಲ್ಲಿ ನೀರೇ ಬಂತು.

ಅನಸೂಯ: ತಗೊಳ್ಳಿ, ನಾನು ಬೇಡ ಅನ್ನಲ್ಲ. ಸೋಮವಾರ ಗಾರೆಯವರೂ ಬರಲ್ಲ. ಆದ್ರೆ ಇದನ್ನ ಹಾಕಿಸಿದ ದಿನವೇ ಟಬ್ಬು ತುಂಬಿಸಿ ಅರ್ಧ ಗಂಟೆ ಮಲಗಬೇಕು. ನಾನು ಬಾಗಿಲ ಹೊರಗೆ ಗಡಿಯಾರ ಹಿಡ್ಕೊಂಡು ಕೂತಿರ್ತೀನಿ.

ಶಿವಪ್ರಕಾಶ್: ಅದಕ್ಕೇನಂತೆ, ಸಂತೋಷವಾಗಿ ಮಲಗ್ತೀನಿ. ಎಷ್ಟು ನೀರು ಹಿಡಿಯುತ್ತೆ ದೊರೆಸ್ವಾಮಿ ಅದು?

ದೊರೆಸ್ವಾಮಿ: ಏನಿಲ್ಲ ಅಂದ್ರೂ ಅದಿನೈದು ಬಕೀಟು.

ಅನಸೂಯ: ನಮ್ಮ ಗೀಸರಲ್ಲಿ ಒಂದು ಸಲಕ್ಕೆ ಕಾಯೋದು ಒಂದೂವರೆ ಬಕೆಟ್. ಅದಕ್ಕೆ ಇಪ್ಪತ್ತು ನಿಮಿಷ. ಹತ್ತನೇ ಸಲ ಹುಯ್ಯೋ ಹೊತ್ತಿಗೆ ಮೊದಲನೇದು ಐಸ್ ಆಗಿರುತ್ತೆ. ನಲ್ಲೀಲಿ ನೀರು ಬರೋದು ದಿನ ಬಿಟ್ಟು ದಿನ. ನೀವು ಮಲಗೆದ್ದ ಮೇಲೆ ನಾಳಿದ್ದು ಬೆಳಗ್ಗೆವರೆಗೂ ಮನೇಲಿ ಯಾರಿಗೂ ಸ್ನಾನ ಇಲ್ಲ, ಅಡುಗೆಗೂ ಇಲ್ಲ.

ಬ್ಯಾಂಕಿನಲ್ಲಿ ದುಡಿದವರ ತುಟಿ ಲೆಕ್ಕಕ್ಕೆ ಅಲುಗಾಡಿತು, ನಡುವೆ ಒಮ್ಮೆ ನಿಂತಿತು, ಮತ್ತೆ ಮೊದಲಿನಿಂದ ಶುರುವಾಯಿತು. ಕೊನೆಗೆ ಶಿವಪ್ರಕಾಶ್ ಪೊಟ್ಟಣವನ್ನು ನಿಧಾನವಾಗಿ ಮೇಜಿನ ಮೇಲಿಟ್ಟು, ತಮಗೆ ಈಚೆಗೆ ಶೀತ ಬೇಗ ಹಿಡಿಯುತ್ತದೆ ಎಂದರು. ಅದನ್ನು ಯಾರೂ ಕೇಳಿರಲಿಲ್ಲ. ಮನೆಯಲ್ಲಿ ಕಾಯುತ್ತಿದ್ದ ಕೆಂಪಯ್ಯನಿಗೆ ಅವರೇ ಫೋನ್ ಮಾಡಿದರು. ಅನಸೂಯ ಫೋನಿನ ಸ್ಪೀಕರ್ ಹಾಕಿದರು.

ಶಿವಪ್ರಕಾಶ್: ಕಿತ್ತುಬಿಡು ಕೆಂಪಯ್ಯ.

ಟಕ್ಕೆಂದು ಏನೋ ಮುರಿದ ಸದ್ದು, ಅದರ ಹಿಂದೆಯೇ ಗಳಗಳ ನೀರು ಇಳಿಯುವ ಸದ್ದು. ಅನಸೂಯ ಕಣ್ಣು ಮುಚ್ಚಿಕೊಂಡು ಕೊನೆಯ ತೊಟ್ಟಿನವರೆಗೂ ಕೇಳಿದರು. ಅವರಿಗೆ ಅಷ್ಟು ಸಮಾಧಾನವಾಗಿತ್ತು. ಟಬ್ಬು ಉಳಿಯಿತು, ಆದರೆ ಶಿವಪ್ರಕಾಶರ ಮುಖ ಮಾತ್ರ ಸಾವಿನ ಮನೆಯಿಂದ ಎದ್ದುಬಂದವರ ಹಾಗಿತ್ತು. ದೊರೆಸ್ವಾಮಿಗೆ ಪಾಪ ಅನ್ನಿಸಿತು.

ದೊರೆಸ್ವಾಮಿ: ಬೇಜಾರ್ ಮಾಡ್ಕೋಬೇಡಿ ಸಾರ್. ನಲವತ್ತು ವರ್ಷದಲ್ಲಿ ಈ ಪೀಸ್ ಕೇಳ್ಕೊಂಡು ಇನ್ನೂ ಮೂರು ಜನ ಬಂದವ್ರೆ. ಎಲ್ಲಾ ನಿಮ್ಮಂಗೇ ದೊಡ್ಡ ಮನುಷ್ರು. ಮೂರೂ ಮನೇಗೆ ನಾನೇ ಓಗಿ ನೋಡಿದೀನಿ, ಟಬ್ಬೊಳಗೆ ಬಕೀಟೇ ಇತ್ತು.

ಶಿವಪ್ರಕಾಶರ ಮುಖಕ್ಕೆ ಕಳೆ ಬಂತು.

ಶಿವಪ್ರಕಾಶ್: ಹಾಗಾದ್ರೆ ಅವರೂ ನನ್ನ ಹಾಗೇ ಕಿತ್ತು ಬಿಸಾಕಿಸಿದ್ರಾ?

ದೊರೆಸ್ವಾಮಿ: ಇಲ್ಲ ಸಾರ್. ಮೂರು ಜನಾನೂ ಒಸದೇ ತಗೊಂಡು ಆಕಿಸ್ಕೊಂಡ್ರು.

ಶಿವಪ್ರಕಾಶ್: ಯಾಕೆ? ಅವರಿಗೆ ನೀವು ಈ ಉಪಾಯ ಹೇಳಲಿಲ್ವ?

ದೊರೆಸ್ವಾಮಿ: ಏಳೋ ಸಂದರ್ಭನೇ ಬರ್ಲಿಲ್ಲ. ಅವ್ರು ಅಮ್ಮಾವ್ರನ್ನ ಮನೇಲೇ ಬುಟ್ಟು ಅಂಗ್ಡಿಗೆ ಒಬ್ರೇ ಬಂದಿದ್ರು.