ದೊಡ್ಡದು ಮಾಡವ್ವ ಗಿಳಿ

ರಿಮೋಟಿನಲ್ಲಿ ಸದ್ದು ಇಳಿಸುವ ಗುಂಡಿ ಒಳಕ್ಕೆ ಹೋಗಿ ಕೂತುಬಿಟ್ಟದ್ದೇ ಎಲ್ಲಕ್ಕೂ ಮೂಲ. ಏರಿಸುವ ಗುಂಡಿ ಚೆನ್ನಾಗಿಯೇ ಇತ್ತು. ಹಾಗಾಗಿ ಕಾಂತೇಶನ ಮನೆಯ ಟೀವಿಗೆ ಹತ್ತುವುದು ಬರುತ್ತಿತ್ತು, ಇಳಿಯುವುದು ಬರುತ್ತಿರಲಿಲ್ಲ. ಅವನ ತಾಯಿ ಸರ್ವಮಂಗಳಮ್ಮನ ಮಂಡಿಗಳ ಸ್ಥಿತಿಯೂ ಹೆಚ್ಚುಕಡಿಮೆ ಅದೇ ಆಗಿತ್ತು.

ಬೇರೆಯವರ ಮನೆಯಲ್ಲಾಗಿದ್ದರೆ ಇದನ್ನು ಯಾರೂ ಲೆಕ್ಕಕ್ಕಿಡುತ್ತಿರಲಿಲ್ಲ. ಆದರೆ ಕಾಂತೇಶ್ ಬಾಡಿಗೆಗಿದ್ದದ್ದು ವೆಂಕಟರಂಗಯ್ಯನವರ ಮಹಡಿಯ ಮೇಲೆ. ಮೇಲೆ ಒಂದು ಸೌಟು ಬಿದ್ದರೂ ಕೆಳಗೆ ವೆಂಕಟರಂಗಯ್ಯನವರು ಕೆಮ್ಮುತ್ತಿದ್ದರು. ಅದು ಶೀತದ ಕೆಮ್ಮಲ್ಲ, ಎಚ್ಚರಿಕೆಯ ಕೆಮ್ಮು ಎಂದು ತಿಳಿಯಲು ಕಾಂತೇಶನಿಗೆ ಒಂದು ವರ್ಷ ಬೇಕಾಗಿತ್ತು. ಅಂದಿನಿಂದ ಆ ಮನೆಯಲ್ಲಿ ಕುಕ್ಕರ್ ಕೂಡ ಕೇಳಿಕೊಂಡು ಕೂಗುವಂತಿತ್ತು.

ಸಾಲದ್ದಕ್ಕೆ, ಹೋದ ವಾರ ವೆಂಕಟರಂಗಯ್ಯನವರು ಗೇಟಿನ ಹತ್ತಿರ ಅವನನ್ನು ನಿಲ್ಲಿಸಿ ಒಂದು ಸುದ್ದಿ ಹೇಳಿದ್ದರು. ಅವರ ಹೆಂಡತಿಯ ತಮ್ಮ ಅನಂತರಾಜುವಿಗೆ ಗುಬ್ಬಿಯಿಂದ ತುಮಕೂರಿಗೆ ವರ್ಗವಾಗಿದೆ. ಭಾನುವಾರ ಸಂಜೆ ಹೆಂಡತಿಯ ಜೊತೆ ಮಹಡಿ ಮನೆ ನೋಡಲು ಬರುತ್ತಾನೆ. ಅವನಿಗೆ ಹಿಡಿಸಿದರೆ ಕಾಂತೇಶ್ ಬೇರೆ ಮನೆ ನೋಡಿಕೊಳ್ಳಬೇಕು. ಇದಿಷ್ಟನ್ನೂ ಅವರು ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ ಹೇಳಿ ಒಳಗೆ ಹೋಗಿದ್ದರು.

ಕಾಂತೇಶನಿಗೆ ಅಂದಿನಿಂದ ನಿದ್ದೆಯಿಲ್ಲ. ಅವನು ಕೆಲಸಕ್ಕಿದ್ದ ಪೈಪು, ನಲ್ಲಿಗಳ ಅಂಗಡಿ ಶಿರಾ ಗೇಟಿನಲ್ಲಿ, ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ತಾಯಿಯ ಮಂಡಿ ನೋಡುವ ಡಾಕ್ಟರು ಎದುರು ಬೀದಿಯಲ್ಲಿ. ಇಂಥ ಮನೆ ಇನ್ನೊಂದು ಸಿಗುವುದಿಲ್ಲ. ಅವನಿಗೆ ಉಳಿದಿದ್ದ ಉಪಾಯ ಒಂದೇ. ಇಂಥ ಸದ್ದಿಲ್ಲದ ಬಾಡಿಗೆದಾರರನ್ನು ಕಳಿಸಲು ಮನಸ್ಸಾದರೂ ಹೇಗೆ ಬರುತ್ತದೆ ಎಂದು ವೆಂಕಟರಂಗಯ್ಯನವರಿಗೇ ಅನ್ನಿಸಬೇಕು. ಭಾನುವಾರ ಮನೆಯಲ್ಲಿ ಸೊಳ್ಳೆಯೂ ಗುಂಯ್ ಅನ್ನಬಾರದು.

ಆದ್ದರಿಂದಲೇ ಅವನು ಕುಣಿಗಲ್ಲಿನಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದ ಹೆಂಡತಿಯ ತಮ್ಮ ಜಯಪ್ರಕಾಶನಿಗೆ ಫೋನ್ ಮಾಡಿ, ಒಂದು ರಿಮೋಟ್ ತಂದುಕೊಡು ಎಂದು ಕೇಳಿಕೊಂಡದ್ದು. ಭಾನುವಾರ ಬೆಳಿಗ್ಗೆ ಜಯಪ್ರಕಾಶ ಬಂದ. ಕೈಯಲ್ಲಿ ರಿಮೋಟ್ ಇರಲಿಲ್ಲ. ತೆಂಗಿನಕಾಯಿಯಷ್ಟು ದಪ್ಪದ, ಹಸಿರು ಬಣ್ಣದ ಒಂದು ಉಂಡೆ ಇತ್ತು.

"ರಿಮೋಟೆಲ್ಲ ಹಳೇದಾಯ್ತು ಬಾವ. ಇದರ ಹೆಸರು ಗಿಳಿ. ಬಾಯಲ್ಲಿ ಹೇಳಿದ್ರೆ ಸಾಕು, ಟೀವೀನ ಇದೇ ನೋಡ್ಕೊಳ್ಳುತ್ತೆ. ಕನ್ನಡಾನೇ ಹಾಕಿಕೊಟ್ಟಿದೀನಿ, ಅತ್ತೆಗೆ ಅನುಕೂಲ ಆಗ್ಲಿ ಅಂತ," ಎಂದ.

ಅವನು ಕೆಲಸಕ್ಕೆ ಇಳಿದರೆ ಯಾರೂ ತಡೆಯುವಂತಿರಲಿಲ್ಲ. ಟೀವಿಯನ್ನು ಮೇಜಿನಿಂದೆತ್ತಿ ಗೋಡೆಗೆ ಸ್ಕ್ರೂ ಹಾಕಿ ಕೂರಿಸಿದ. ಪ್ಲಗ್ಗು ಟೀವಿಯ ಬೆನ್ನ ಹಿಂದೆ ಸೇರಿಕೊಂಡಿತು. ಹೀಗಿದ್ದರೇ ನೋಡಲು ಲಕ್ಷಣ ಎಂದ. ಗಿಳಿಯನ್ನು ದೇವರ ಗೂಡಿನ ಪಕ್ಕದ ಶೆಲ್ಫಿನಲ್ಲಿಟ್ಟ. ಇನ್ನು ಬೇಕಾಗುವುದಿಲ್ಲವೆಂದು ಹಳೆಯ ರಿಮೋಟಿನ ಸೆಲ್ಲುಗಳನ್ನು ಬಿಚ್ಚಿ ನಿಂತುಹೋಗಿದ್ದ ಗೋಡೆ ಗಡಿಯಾರಕ್ಕೆ ಹಾಕಿದ. ಸ್ನೇಹಿತನೊಬ್ಬನನ್ನು ನೋಡಿಕೊಂಡು ಸಂಜೆ ಬರುತ್ತೇನೆಂದು ಚೀಲ ಅಲ್ಲೇ ಬಿಟ್ಟು ಹೊರಟ.

ಕಾಂತೇಶ್ ಗಂಟಲು ಸರಿಮಾಡಿಕೊಂಡು, "ಗಿಳಿ, ಟೀವಿ ಹಾಕು," ಎಂದ.

"ಟೀವಿಯನ್ನು ಎಲ್ಲಿಗೆ ಹಾಕಬೇಕು?" ಎಂದು ಗಿಳಿ ವಾರ್ತೆ ಓದುವವರ ಧಾಟಿಯಲ್ಲಿ ಕೇಳಿತು.

ಅಡುಗೆಮನೆಯಲ್ಲಿ ಹೆಂಡತಿ ನಂದಿತಾ ಬಾಯಿಗೆ ಸೆರಗು ಅಡ್ಡ ಹಿಡಿದಳು. ಟೀವಿಯನ್ನು ಆರಂಭಿಸು ಎಂದ ಮೇಲೆ ಟೀವಿ ಹತ್ತಿಕೊಂಡು ಅರಚಿತು. ಸೌಂಡ್ ವಸಿ ಕಮ್ಮಿ ಮಾಡು ಎಂದು ಅವನು ಹೇಳಿದ್ದಕ್ಕೆ, ಕ್ಷಮಿಸಿ, ಅರ್ಥವಾಗಲಿಲ್ಲ ಎಂಬ ಉತ್ತರ ಬಂತು. ಬುಡು ಅತ್ಲಾಗೆ ಅಂದದ್ದಕ್ಕೂ ಅದೇ ಉತ್ತರ. ಕೊನೆಗೆ ಎದೆ ಸೆಟೆಸಿ, "ಗಿಳಿಯೇ, ಧ್ವನಿಯನ್ನು ತಗ್ಗಿಸು," ಎಂದಾಗ ಸದ್ದು ಬೆಣ್ಣೆಯಂತೆ ಇಳಿಯಿತು. ದಿನವಿಡೀ ಶಿರಾ ಗೇಟಿನಲ್ಲಿ ಮುಕ್ಕಾಲಿಂಚು ಪೈಪು, ಎಲ್ಬೋ ಎಂದು ಮಾತಾಡುವ ಕಾಂತೇಶ್, ಮನೆಯಲ್ಲಿ ನಾಟಕದ ರಾಜನ ಪಾರ್ಟಿನವನಂತೆ ಮಾತಾಡತೊಡಗಿದ.

ಮಧ್ಯಾಹ್ನದವರೆಗೆ ಎಲ್ಲವೂ ಸುಖವಾಗಿತ್ತು. ಸರ್ವಮಂಗಳಮ್ಮನಿಗೆ ಗಿಳಿ ಬಲು ಹಿಡಿಸಿತು. ವಚನ ಹೇಳಿಸವ್ವ ಅಂದರೆ ಹೇಳಿಸುತ್ತಿತ್ತು, ಪ್ರವಚನ ಅಂದರೆ ಪ್ರವಚನ. ಕನ್ನಡಕ ಹುಡುಕುವ ಕೆಲಸವಿಲ್ಲ, ಗುಂಡಿ ಒತ್ತುವ ಕೆಲಸವಿಲ್ಲ. "ಈ ಮನೇಲಿ ನಾನು ಕೂಗಿದ ಏಟ್ಗೇ ಹೂಂ ಅನ್ನೋದು ಇದೊಂದೇ ಕಣಪ್ಪ," ಎಂದು ಅವರು ಮಗನ ಮುಖ ನೋಡದೆ ಹೇಳಿದರು. ಕಾಂತೇಶ್ ಆ ಮಾತನ್ನು ನುಂಗಿಕೊಂಡ. ಸದ್ದು ಕಡಿಮೆಯಿತ್ತಲ್ಲ, ಅವನಿಗೆ ಅಷ್ಟೇ ಬೇಕಾಗಿದ್ದದ್ದು.

ಸಂಜೆ ಅನಂತರಾಜುವಿನ ಕಾರು ಬಂತು. ವೆಂಕಟರಂಗಯ್ಯನವರು ಕಾಂತೇಶನನ್ನೂ ಕೆಳಗೆ ಕಾಫಿಗೆ ಕರೆದರು. ಅನಂತರಾಜು ಸೋಫಾದ ತುಂಬ ಕೂತಿದ್ದ. ಆಗಲೇ ಭಾವನ ಟೀಪಾಯಿಯನ್ನು ಬೇರೆ ಕಡೆಗೆ ಸರಿಸಿದ್ದ, ಕಾಂಪೌಂಡಿನ ಸೀಬೆ ಗಿಡ ಕಡಿಸಬೇಕೆಂದು ತೀರ್ಮಾನಿಸಿದ್ದ, ಕಾಫಿಗೆ ಡಿಕಾಕ್ಷನ್ ಸಾಲದೆಂದು ಅಕ್ಕನಿಗೆ ತಿಳಿಸಿದ್ದ. ಒಳಗೆ ಅಕ್ಕ ಹಿಗ್ಗಿನಿಂದ ಓಡಾಡುತ್ತಿದ್ದಳು. ಅನಂತರಾಜುವಿನ ಹೆಂಡತಿ ಅವಳ ಜೊತೆ ಅಡುಗೆಮನೆ ಸೇರಿದ್ದಳು.

"ಇವ್ರು ಮೇಲೆ ಇದಾರೆ ಅಂತಾನೇ ಗೊತ್ತಾಗಲ್ಲ. ಅಷ್ಟು ಒಳ್ಳೆ ಜನ," ಎಂದರು ವೆಂಕಟರಂಗಯ್ಯನವರು.

ಕಾಂತೇಶನ ಎದೆ ಅರಳಿತು.

"ಹಂಗಾದ್ರೆ ಇವ್ರಿಗೆ ಬೇರೆ ಮನೆ ಸಿಗೋದು ಏನ್ ಕಷ್ಟ ಬುಡಿ," ಎಂದ ಅನಂತರಾಜು. "ಇಂಥೋರನ್ನ ಯಾರಾದ್ರೂ ಕರೆದು ಇಟ್ಕೊಳ್ತಾರೆ."

ಅರಳಿದ ಎದೆ ಹಾಗೇ ಮುದುಡಿತು. ಸದ್ದಾಗದಿರಲೆಂದು ಇಷ್ಟು ದಿನ ಸಾಕ್ಸು ಹಾಕಿಕೊಂಡು ನಡೆದದ್ದು ಹೀಗೆ ತಿರುಗಿ ತನ್ನ ಕಾಲಿಗೇ ಸುತ್ತಿಕೊಳ್ಳುತ್ತದೆಂದು ಅವನು ಎಣಿಸಿರಲಿಲ್ಲ. ಏನಾದರೂ ಹೇಳಬೇಕೆಂದು ಬಾಯಿ ತೆರೆದ. ಅಷ್ಟರಲ್ಲಿ ಮೇಲಿನಿಂದ ಪ್ರವಚನದ ಸದ್ದು ಕೇಳಿಸಿತು. ಮೊದಲು ಪಕ್ಕದ ಕೋಣೆಯಲ್ಲಿ ಯಾರೋ ಮಾತಾಡಿದಂತಿತ್ತು. ಕ್ಷಣ ಬಿಟ್ಟು ಅದೇ ಕೋಣೆಯಲ್ಲಿ ಮಾತಾಡಿದಂತಾಯಿತು. ಇನ್ನೊಂದು ಕ್ಷಣಕ್ಕೆ ಸ್ವಾಮಿಗಳು ಕಾಂತೇಶನ ತಲೆಯ ಮೇಲೇ ಕೂತು ಮಾತಾಡತೊಡಗಿದರು. ವೆಂಕಟರಂಗಯ್ಯನವರು ಕೆಮ್ಮಿದರು. ಅವರ ಕೆಮ್ಮು ಅವರಿಗೇ ಕೇಳಿಸಲಿಲ್ಲ.

ಕಾಂತೇಶ್ ಹೆಂಡತಿಗೆ ಫೋನ್ ಮಾಡಿದ. ಆ ಗದ್ದಲದಲ್ಲಿ ಯಾರು ಎತ್ತುತ್ತಾರೆ? ಒಂದೇ ನಿಮಿಷ ಎಂದು ಕೈಸನ್ನೆ ಮಾಡಿ ಮೆಟ್ಟಿಲಿನತ್ತ ಓಡಿದ.

ಮೇಲೆ ಸರ್ವಮಂಗಳಮ್ಮ ದೀಪ ಹಚ್ಚಿ, ಶೆಲ್ಫಿನ ಮುಂದೆ ಬಗ್ಗಿ, ಕೈಮುಗಿಯುವುದೊಂದು ಬಾಕಿ ಎಂಬಂತೆ ಗಿಳಿಯನ್ನು ಬೇಡಿಕೊಳ್ಳುತ್ತಿದ್ದರು. "ದೀಪ ಹಚ್ಚಿವ್ನಿ ಕಣವ್ವ ಗಿಳಿ. ದೊಡ್ಡದು ಮಾಡವ್ವ."

"ಧ್ವನಿಯನ್ನು ಹೆಚ್ಚಿಸಿದ್ದೇನೆ," ಎಂದಿತು ಗಿಳಿ.

ಕಾಂತೇಶನಿಗೆ ಎಲ್ಲವೂ ಅರ್ಥವಾಗಿ ಹೋಯಿತು. ಅವರ ಊರು ಸಿ.ಎಸ್. ಪುರದ ಮನೆಯಲ್ಲಿ ಉರಿಯುವ ದೀಪವನ್ನು ಆರಿಸು ಎನ್ನುವುದು ಅಪಶಕುನ, ದೊಡ್ಡದು ಮಾಡು ಎನ್ನಬೇಕು. ಕರೆಂಟು ಬಂದ ಮೇಲೆ ತಾಯಿ ಅದೇ ಮರ್ಯಾದೆಯನ್ನು ಬಲ್ಬಿಗೂ ಕೊಟ್ಟರು, ಆಮೇಲೆ ಟೀವಿಗೂ ಕೊಟ್ಟರು. ಡಬ್ಬಿಯಲ್ಲಿ ಅಕ್ಕಿ ಖಾಲಿಯಾದರೂ ಅವರ ಬಾಯಲ್ಲಿ ಅದು ಹೆಚ್ಚಿದೆ. ಹಾಗಿರುವಾಗ ಹೆಚ್ಚಿಸಿದ್ದೇನೆ ಎಂದು ಗಿಳಿ ಹೇಳಿದರೆ, ಮುಗಿಸಿದ್ದೇನೆ ಎಂದೇ ಅವರು ತಿಳಿದು ಕಾಯುತ್ತಿದ್ದರು. ಮುಗಿಯದಿದ್ದಾಗ ಮತ್ತೆ ಕೇಳುತ್ತಿದ್ದರು. ನಂದಿತಾ ಪಕ್ಕದಲ್ಲಿ ನಿಂತು ಆಫ್, ಆಫ್ ಎಂದು ಕೂಗುತ್ತಿದ್ದದ್ದು ಬಾಯಿ ತೆರೆದು ಮುಚ್ಚುವ ಮೀನಿನಂತೆ ಕಾಣುತ್ತಿತ್ತೇ ಹೊರತು ಗಿಳಿಗೆ ಮುಟ್ಟುತ್ತಿರಲಿಲ್ಲ.

ಅವನು ಶೆಲ್ಫಿಗೆ ಬಾಯಿ ಹಚ್ಚಿ, ಬೆಳಿಗ್ಗೆಯ ರಾಜನ ಧಾಟಿಯಲ್ಲೇ, "ಗಿಳಿಯೇ, ಟೀವಿಯನ್ನು ಆರಿಸು," ಎಂದ.

"ದೀಪ ಉರಿಯೋ ಹೊತ್ನಲ್ಲಿ ಆ ಮಾತು ಅಂತೀಯಲ್ಲೋ," ಎಂದು ತಾಯಿ ಅವನ ಬೆನ್ನಿಗೊಂದು ಬಿಟ್ಟರು.

ಗಿಳಿಗೆ ಅಂಥ ಬೇಸರವೇನೂ ಇರಲಿಲ್ಲ. "ಖಂಡಿತ. ಮೂರು ಕಾರ್ಯಕ್ರಮಗಳಿವೆ. ಯಾವುದನ್ನು ಆರಿಸಲಿ?" ಎಂದು ಕೇಳಿ ಒಂದೊಂದಾಗಿ ಹೆಸರು ಹೇಳತೊಡಗಿತು.

ಕಾಂತೇಶನ ರಾಜಗಾಂಭೀರ್ಯ ಅಲ್ಲಿಗೆ ಮುಗಿಯಿತು. ಎರಡೂ ಕೈ ಜೋಡಿಸಿ, "ಸಾಕು ತಾಯಿ, ಸಾಕು," ಎಂದ.

"ಸಾಕುವುದರ ಬಗ್ಗೆ ಒಂದು ಕಾರ್ಯಕ್ರಮ ಸಿಕ್ಕಿದೆ," ಎಂದಿತು ಗಿಳಿ. "ಮನೆಯಲ್ಲೇ ಕುರಿ ಸಾಕಣೆ."

ಟೀವಿಯ ತುಂಬ ಕುರಿಗಳು ನುಗ್ಗಿ ಬಂದವು. ನೂರಾರು ಕುರಿಗಳು ಒಟ್ಟಿಗೆ ಅರಚಿದ ಸದ್ದಿಗೆ ಗೋಡೆಯ ಕ್ಯಾಲೆಂಡರು ಅಲುಗಾಡಿತು. ಕಾಂತೇಶ್ ತಾಳ್ಮೆಗೆಟ್ಟು ಗಿಳಿಯ ವೈರನ್ನೇ ಕಿತ್ತ. ಗಿಳಿ ಸತ್ತಂತಾಯಿತು, ಕುರಿಗಳಿಗೆ ಏನೂ ಆಗಲಿಲ್ಲ. ಈಗ ಅವುಗಳಿಗೆ ಹೇಳುವವರೂ ಇಲ್ಲ, ಕೇಳುವವರೂ ಇಲ್ಲ. ಟೀವಿಯ ಪ್ಲಗ್ಗು ಕೀಳೋಣವೆಂದರೆ ಜಯಪ್ರಕಾಶ ಹಾಕಿದ ಸ್ಕ್ರೂ ಬಿಚ್ಚಬೇಕು. ರಿಮೋಟಿಗೆ ಸೆಲ್ಲು ಹಾಕೋಣವೆಂದು ಕುರ್ಚಿ ಹತ್ತಿ ಗಡಿಯಾರ ಇಳಿಸಿದ. ಅವಸರದಲ್ಲಿ ಸೆಲ್ಲೊಂದು ಉರುಳಿ ಮಂಚದ ಕೆಳಗೆ ಹೋಯಿತು.

ಆಗ ಮೆಟ್ಟಿಲ ಮೇಲೆ ಬೂಟಿನ ಹೆಜ್ಜೆ ಕೇಳಿಸಿತು. ಅನಂತರಾಜು ಮನೆ ನೋಡಲು ಬರುತ್ತಿದ್ದ. ಕಾಂತೇಶ್ ಓಡಿ ಹೋಗಿ ಬಾಗಿಲ ಚಿಲಕ ಹಾಕಿ, ಅದಕ್ಕೆ ಬೆನ್ನು ಕೊಟ್ಟು ನಿಂತ. ಹೊರಗೆ ಹೆಜ್ಜೆ ನಿಂತಿತು. ಆಮೇಲೆ ಬಂದದ್ದಕ್ಕಿಂತ ಬೇಗ ಇಳಿದು ಹೋಯಿತು.

ಹೆಜ್ಜೆ ಸದ್ದು ಅಡಗಿದ ಮೇಲೆ ಅವನು ಕಳ್ಳನಂತೆ ಇಳಿದು, ಮೆಟ್ಟಿಲ ಬುಡದ ಮೀಟರ್ ಬಾಕ್ಸಿನಲ್ಲಿ ತಮ್ಮ ಮನೆಯ ಮೈನ್ ಸ್ವಿಚ್ ಇಳಿಸಿದ. ಕುರಿಗಳು ಒಮ್ಮೆಗೇ ಸುಮ್ಮನಾದವು. ಮನೆ ಹೋಯಿತು ಎಂದುಕೊಂಡು ಅವನು ಮೇಲೆ ಬಂದು ಕೂತ.

ಅದೇ ಹೊತ್ತಿಗೆ ಜಯಪ್ರಕಾಶ ಚೀಲಕ್ಕೆಂದು ಬಂದ. ಕಾಂತೇಶ್ ಅವನಿಗೆ ಮಾತಾಡಲು ಬಿಡಲಿಲ್ಲ. ಗಿಳಿಯನ್ನು, ಕೆಟ್ಟ ರಿಮೋಟನ್ನು ಚೀಲಕ್ಕೆ ತುರುಕಿ, ಎರಡನ್ನೂ ಕುಣಿಗಲ್ ಕೆರೆಗೆ ಹಾಕು ಎಂದು ಬಸ್‌ಸ್ಟ್ಯಾಂಡಿಗೆ ಅಟ್ಟಿದ. ಜಯಪ್ರಕಾಶ ಹಿಂದೆ ನೋಡಿಕೊಂಡು ಇಳಿದುಹೋದ ಬೆನ್ನಿಗೇ ವೆಂಕಟರಂಗಯ್ಯನವರು ಹತ್ತಿ ಬಂದರು. ಕಾಂತೇಶ್ ಎದ್ದು ನಿಂತ. ಕ್ಷಮೆ ಕೇಳಲು ಬಾಯಿ ತೆರೆದವನ ಕೈಯನ್ನು ಅವರು ಹಿಡಿದುಕೊಂಡರು.

"ಉಳಿಸಿದೆ ಕಣಪ್ಪ ನನ್ನನ್ನ," ಎಂದರು, ಪಿಸುದನಿಯಲ್ಲಿ.

ಅವರು ಅಷ್ಟು ಮಾತಾಡಿದ್ದನ್ನು ಕಾಂತೇಶ್ ಎಂದೂ ಕೇಳಿರಲಿಲ್ಲ. ಅನಂತರಾಜು ಮಹಡಿಗೆ ಬಂದರೆ ತಾವು ಕೆಳಗೆ ಬಾಳುವಂತಿಲ್ಲ, ಟೀಪಾಯಿ ಕಂಡೆಯಲ್ಲ, ಸೀಬೆ ಗಿಡದ ಮಾತು ಕೇಳಿದೆಯಲ್ಲ ಎಂದರು. ಬೇಡವೆಂದು ಹೆಂಡತಿಗೆ ಹೇಳುವ ಧೈರ್ಯ ಅವರಿಗಿರಲಿಲ್ಲ. ಈಗ ಅವನೇ ಬೇಡವೆಂದಿದ್ದಾನೆ. ಬಾಡಿಗೆಯವರು ಮನೆಯೊಳಗೆ ಕುರಿ ಕಟ್ಟಿದ್ದಾರೆ, ಸುಣ್ಣ ಬಣ್ಣ ಬಳಿದರೂ ಆ ವಾಸನೆ ಹೋಗುವುದಿಲ್ಲ ಎಂದು ಕಡ್ಡಿ ಮುರಿದಂತೆ ಹೇಳಿದ್ದಾನೆ. ವೆಂಕಟರಂಗಯ್ಯನವರು ಅಲ್ಲವೆನ್ನಲಿಲ್ಲ.

"ಇನ್ನು ಈ ಮನೆ ನಿಂದೇ ಅಂದ್ಕೋ. ಆದ್ರೆ ಅವನ ಹೆಂಡ್ತಿ ನಂಬ್ತಾ ಇಲ್ಲ. ನಾನೇ ಹೋಗಿ ಕೇಳಿಸ್ಕೋತೀನಿ ಅಂತ ಮೆಟ್ಲು ಹತ್ರ ಬಂದವ್ಳೆ. ಇನ್ನೊಂದ್ಸಲ ಹಾಕು," ಎಂದು ಅವರು ಆಚೆ ಹೋಗಿ ಬಾಗಿಲು ಎಳೆದುಕೊಂಡರು.

ಹಾಕುವುದು ಏನನ್ನು? ಗಿಳಿ ಕುಣಿಗಲ್ ಬಸ್ಸಿನ ದಾರಿ ಹಿಡಿದಾಗಿತ್ತು, ಮೈನ್ ಹಾಕಲು ಹೋಗೋಣವೆಂದರೆ ಮೆಟ್ಟಿಲ ಬುಡದಲ್ಲಿ ಅವಳೇ ನಿಂತಿದ್ದಾಳೆ. ಕಾಂತೇಶ್ ಮೊಬೈಲ್ ತೆಗೆದು ಕುರಿ ಎಂದು ಹುಡುಕಿ ಒತ್ತಿದ. ಮೊದಲು ಸಿಮೆಂಟಿನ ಜಾಹೀರಾತು ಬಂತು. ಹೆಜ್ಜೆಗಳು ಮೆಟ್ಟಿಲ ತಿರುವು ದಾಟಿದವು. ಜಾಹೀರಾತಿನವನು ತಲೆಮಾರುಗಳವರೆಗೆ ನಿಲ್ಲುವ ಗೋಡೆಯ ಬಗ್ಗೆ ಇನ್ನೂ ಹೇಳುತ್ತಲೇ ಇದ್ದ. ಹೆಜ್ಜೆಗಳು ಬಾಗಿಲಿಗೆ ಬಂದವು. ಕಾಂತೇಶ್ ಮೊಬೈಲನ್ನು ದಿಂಬಿನ ಕೆಳಗೆ ತಳ್ಳಿ, ಹೆಂಡತಿಯ ಮುಖವನ್ನೂ ತಾಯಿಯ ಮುಖವನ್ನೂ ನೋಡದಂತೆ ಕಣ್ಣು ಮುಚ್ಚಿಕೊಂಡು, "ಮ್ಯಾ..." ಎಂದ.

ಅವನು ಇನ್ನೂ ಸ್ವಲ್ಪ ಎಳೆದು ಮತ್ತೊಮ್ಮೆ ಅರಚಿದ.

"ಇದು ಕುರಿ ಅಲ್ಲ ಕಣ್ರೀ," ಎಂದಿತು ಹೆಣ್ಣು ಧ್ವನಿ. ಒಳಗೆ ಕಾಂತೇಶ್ ಬಾಯಿಗೆ ಕೈ ಅಡ್ಡ ಹಿಡಿದುಕೊಂಡ. "ಟಗರು. ನಮ್ಮಪ್ಪನ ಮನೇಲಿ ಇಂಥವನ್ನ ಎಷ್ಟು ನೋಡಿಲ್ಲ. ಗಂಟ್ಲು ಕೇಳಿದ್ರೇ ಗೊತ್ತಾಗುತ್ತೆ, ಚೆನ್ನಾಗಿ ಮೇಯಿಸವ್ರೆ. ಮನೆ ಬೇಡ ಬುಡಿ, ಇದನ್ನ ಹಬ್ಬಕ್ಕೆ ಕೊಡ್ತಾರಾ ಕೇಳಿ."

"ಕೊಡದೆ ಏನಮ್ಮ," ಎಂದರು ವೆಂಕಟರಂಗಯ್ಯನವರು, ಗಂಡಾಂತರ ದಾಟಿದವರ ಉತ್ಸಾಹದಲ್ಲಿ. "ಬರೋ ಭಾನುವಾರ ಬಂದು ಹಿಡ್ಕೊಂಡು ಹೋಗಿ. ಏನಪ್ಪ ಕಾಂತೇಶ್, ಕೊಡ್ತೀಯಲ್ಲ?"

ಲಿಂಗ ಕಟ್ಟಿದ ಮನೆ. ಮೊಟ್ಟೆ ಬೇಯಿಸಿದ ಪಾತ್ರೆಯನ್ನೂ ಕಾಣದ ಅಡುಗೆಮನೆ. ಸರ್ವಮಂಗಳಮ್ಮ ಕೈಯಲ್ಲಿದ್ದ ವಿಭೂತಿಯನ್ನು ಹಾಗೇ ಹಿಡಿದುಕೊಂಡು ಮಗನನ್ನು ನೋಡುತ್ತಿದ್ದರು. ಇಲ್ಲವೆಂದರೆ ಟಗರಿಲ್ಲವೆಂದು ತಿಳಿಯುತ್ತದೆ, ಟಗರಿಲ್ಲವೆಂದು ತಿಳಿದರೆ ಮನೆ ಉಳಿಯುವುದಿಲ್ಲ. ಮೇಲಾಗಿ, ಟಗರು ಅರಚಿದ ಜಾಗದಿಂದಲೇ ಮನುಷ್ಯನ ಧ್ವನಿ ಬರುವುದು ಹೇಗೆ ಸಾಧ್ಯ?

ಕಾಂತೇಶ್ ಬಾಗಿಲಿಗೆ ಬಾಯಿ ಹತ್ತಿರ ತಂದು, ತನಗೆ ಆಗ ಆಡಲು ಉಳಿದಿದ್ದ ಒಂದೇ ಮಾತನ್ನು ಆಡಿದ.

"ನೋಡಿದ್ರಾ, ಒಪ್ಕೊಂಡ್ಬಿಡ್ತು," ಎಂದು ನಗುತ್ತಾ ಅವಳು ಮೆಟ್ಟಿಲಿಳಿದಳು.