ಪಕ್ಕದ ಮನೆಯ ಶಾಲು

ಎಲ್ಲಕ್ಕೂ ಕಾರಣ ಪಕ್ಕದ ಮನೆಯ ಹಗ್ಗದ ಮೇಲೆ ತೂಗುತ್ತಿದ್ದ ಜರಿಯಂಚಿನ ಶಾಲು. ಪವಿತ್ರನ್ ಅದನ್ನು ಎಂದೂ ಒಗೆಯುತ್ತಿರಲಿಲ್ಲ, ದಿನಾ ಒಣಹಾಕುತ್ತಿದ್ದ. ಅದೂ ಚಾತುಕುಟ್ಟಿಯ ಅಡುಗೆಮನೆ ಕಿಟಕಿಗೆ ನೇರವಾಗಿ.

ತೆಂಗಿನಮರ ಹತ್ತುವ ಪವಿತ್ರನನ್ನು ಪೊಲೀಸರು ಬೇರೆ ಯಾರೋ ಎಂದುಕೊಂಡು ಹಿಡಿದು, ಕಾರಣ ಹೇಳದೆ, ಮನೆಗೂ ತಿಳಿಸದೆ ಒಂದು ರಾತ್ರಿ ಠಾಣೆಯಲ್ಲಿ ಕೂರಿಸಿದ್ದರು. ಅವನು ಮಾನವ ಹಕ್ಕು ಆಯೋಗಕ್ಕೆ ದೂರು ಕೊಟ್ಟ; ಠಾಣೆಯವರು ಕ್ಷಮೆ ಕೇಳಬೇಕಾಯಿತು. ಊರಿನ ವಾಚನಾಲಯ ಅವನಿಗೆ ಶಾಲು ಹೊದಿಸಿತು. ಅಲ್ಲಿಯವರೆಗೆ ಚಹಾದಂಗಡಿಯಲ್ಲಿ ಬೆಳಗ್ಗೆ ಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಿದ್ದವನು ಚಾತುಕುಟ್ಟಿ, ಊರೇ ಕಿವಿಗೊಡುತ್ತಿತ್ತು. ಈಗ ಅವನ ಬೆಂಚು ಖಾಲಿ. ಜನರೆಲ್ಲ ಪವಿತ್ರನ ಸುತ್ತ, ಬೆಲ್ಲದಚ್ಚಿಗೆ ಇರುವೆ ಮುತ್ತಿದ ಹಾಗೆ. ಇಂದು ಮಾನವ ಹಕ್ಕುಗಳ ದಿನ ಬೇರೆ. ಸಂಜೆ ವಾಚನಾಲಯದಲ್ಲಿ ಅವನದೇ ಭಾಷಣ.

"ಹಕ್ಕು ಅಂದ್ರೇನು ಅಂತ ಈ ಊರಿಗೆ ಓದಿ ಹೇಳಿದ್ದು ನಾನು," ಎಂದು ಚಾತುಕುಟ್ಟಿ ಬೆಳಗಿನ ತಿಂಡಿಯ ಪುಟ್ಟು ಮುರಿಯುತ್ತ ಗೊಣಗಿದ.

"ಓದಿದ್ರೆ ಸಾಕಾ? ಅವರು ಅನುಭವಿಸಿದಾರೆ," ಎಂದಳು ಹೆಂಡತಿ ಶ್ಯಾಮಳಾ, ಕಿಟಕಿಯಾಚೆ ನೋಡುತ್ತ. "ಬಣ್ಣ ನೋಡಿ, ಎಷ್ಟು ಚೆಂದ."

ಹಾಗಾದರೆ ತಾನೂ ಲಾಕಪ್ಪು ಅನುಭವಿಸಿಯೇ ಬಿಡೋಣ ಎಂದು ಚಾತುಕುಟ್ಟಿ ಕೈ ತೊಳೆದು ಸೈಕಲ್ ಹತ್ತಿದ.

ಠಾಣೆಯ ಗೇಟಿಗೆ ಅಡ್ಡಲಾಗಿ ಸೈಕಲ್ ನಿಲ್ಲಿಸಿದ. ಪೇದೆ ಬೈಯಲಿಲ್ಲ, ಅದನ್ನು ನೆರಳಿಗೆ ತಳ್ಳಿ ಸ್ಟ್ಯಾಂಡ್ ಹಾಕಿದ. ಒಳಗೆ ಹೆಸರು ಕೇಳಿದರೆ ಚಾತುಕುಟ್ಟಿ ಹೇಳಲಿಲ್ಲ. ಇಷ್ಟವಿಲ್ಲದಿದ್ದರೆ ಬೇಡ ಎಂದು ಕುರ್ಚಿ ಕೊಟ್ಟರು, ಕಪ್ಪು ಚಹಾ ಕೊಟ್ಟರು. ಆಯೋಗದ ಬಿಸಿ ತಟ್ಟಿದ ಮೇಲೆ ಆ ಠಾಣೆ ಹೊಸದಾಗಿ ಬಂದ ಸೊಸೆಯ ಹಾಗಾಗಿತ್ತು. ತಾಳ್ಮೆಗೆಟ್ಟ ಚಾತುಕುಟ್ಟಿ ಬಾಗಿಲು ತೆರೆದಿದ್ದ ಲಾಕಪ್ಪಿನೊಳಗೆ ತಾನೇ ಹೋಗಿ ಕುಳಿತ. ಒಬ್ಬ ಪೇದೆ ಚಾಪೆ ತಂದು ಹಾಸಿದ, ಇನ್ನೊಬ್ಬ ಫ್ಯಾನನ್ನು ಅತ್ತ ತಿರುಗಿಸಿದ. ಮೂರನೆಯವನಿಗೆ ಅವನ ಮನೆ ಗೊತ್ತಿತ್ತು. ಒಳಗಿರುವವರ ವಿಷಯ ಮನೆಗೆ ತಿಳಿಸಲೇಬೇಕಲ್ಲ ಎಂದು ಶ್ಯಾಮಳಾಗೆ ಫೋನು ಮಾಡಿದ. ಅವಳು ಪೂರ್ತಿ ಕೇಳಿಸಿಕೊಳ್ಳದೆ ಪಕ್ಕದ ಮನೆಗೆ ಓಡಿದಳು.

ಸ್ವಲ್ಪ ಹೊತ್ತಿಗೆ ಹೊರಗೆ ಘೋಷಣೆ ಕೇಳಿಸಿತು. ಇಡೀ ಚಹಾದಂಗಡಿಯೇ ಬಂದಿತ್ತು. ಚಾತುಕುಟ್ಟಿಯ ಎದೆ ಪೂರಿಯ ಹಾಗೆ ಉಬ್ಬಿತು. ಘೋಷಣೆಯಲ್ಲಿ ತನ್ನ ಹೆಸರನ್ನು ಹುಡುಕಿದ. 'ಪವಿತ್ರನ್, ಮುನ್ನುಗ್ಗು' ಎಂಬುದಷ್ಟೇ ಕಿವಿಗೆ ಬಿತ್ತು.

ಎಸ್ಐ ರಮಾದೇವಿ ಲಾಕಪ್ಪಿನ ಬಳಿ ಬಂದು, ಅಣ್ಣನಿಗೆ ಹೇಳುವಂತೆ ದನಿ ತಗ್ಗಿಸಿದರು. "ಚೇಟ್ಟಾ, ನೀವೇ ಬಂದು ಕೂತ್ರಿ ಅಂತ ಅವರಿಗೆ ಹೇಳ್ಲಾ? ನಿಮ್ಮ ಮರ್ಯಾದೆ ಉಳಿಸ್ಕೊಳ್ಳೋದೂ ನಿಮ್ಮ ಹಕ್ಕೇ. ಬೇಡ ಅಂದ್ರೆ ಹೇಳಲ್ಲ."

ಪೊಲೀಸರೇ ಎಳೆದು ತಂದರು ಎನ್ನೋಣವೆಂದರೆ ಅವರ ಚಹಾ ಇನ್ನೂ ಹೊಟ್ಟೆಯಲ್ಲಿ ಬೆಚ್ಚಗಿತ್ತು. ನಿಜ ಹೇಳಿದರೆ ಸಾಯುವವರೆಗೂ ಚಹಾದಂಗಡಿಯ ನಗು ತಪ್ಪದು.

"ಹೇಳ್ಬೇಡಿ ಮೇಡಂ," ಎಂದ.

ಅವರು ಹೊರಗೆ ಹೋಗಿ, ಏನೋ ಸಣ್ಣ ಗೊಂದಲ, ಕರೆದುಕೊಂಡು ಹೋಗಿ ಎಂದರು. ಜನರಿಗೆ ಅಷ್ಟು ಸಾಕಾಯಿತು. ಪವಿತ್ರನ್ ಬಂದು ನಿಂತ, ಪೊಲೀಸರು ಬಿಟ್ಟರು! ಜನ ಪವಿತ್ರನನ್ನು ಹೆಗಲ ಮೇಲೆ ಹೊತ್ತರು. ಚಾತುಕುಟ್ಟಿ ಸೈಕಲ್ ತಳ್ಳಿಕೊಂಡು ಹಿಂದೆ ಬಂದ.

ಸಂಜೆಯ ಸಭೆಯಲ್ಲಿ ವಾಚನಾಲಯದ ಅಧ್ಯಕ್ಷರು, ಒಬ್ಬ ನಾಗರಿಕನನ್ನು ಲಾಕಪ್ಪಿನಿಂದ ಬಿಡಿಸಿದ್ದಕ್ಕೆ ಪವಿತ್ರನಿಗೆ ಇನ್ನೊಂದು ಶಾಲು ಎಂದು ಸಾರಿದರು. ಬಿಡುಗಡೆಯಾದವರೇ ಹೊದಿಸುವುದು ಸೂಕ್ತ ಎಂದೂ ಸೇರಿಸಿದರು. ಮುಂದಿನ ಸಾಲಿನಲ್ಲಿ ಶ್ಯಾಮಳಾ ಕಣ್ಣೊರೆಸಿಕೊಂಡಳು.

ಪವಿತ್ರನ್ ಅಭ್ಯಾಸವಾದವನಂತೆ ತಲೆ ಬಾಗಿಸಿ, "ಹೆದರ್ಬೇಡಿ ಚಾತು ಚೇಟ್ಟಾ, ನಾನಿದೀನಲ್ಲ," ಎಂದು ಪಿಸುಗುಟ್ಟಿದ. ಚಾತುಕುಟ್ಟಿ ಹಲ್ಲು ಕಚ್ಚಿ ಶಾಲು ಹೊದಿಸಿದ. ಚಪ್ಪಾಳೆ ಬಿತ್ತು.

ಫೋಟೊದವನು ಕೈಯೆತ್ತಿದ. ಸರಿಯಾಗಿ ಬರಲಿಲ್ಲವಂತೆ.

"ತೆಗೆದು ಇನ್ನೊಂದ್ಸಲ ಹೊದಿಸಿ ಚೇಟ್ಟಾ. ಈ ಸಲ ಸ್ವಲ್ಪ ನಗ್ತಾ."